ಪಟ್ಟಿಯ ಮೂರನೇ ಹೆಸರು

ಹತ್ತೊಂಬತ್ತು ನೂರಾ ಐವತ್ತಾರನೇ ಇಸವಿ, ಸೆಪ್ಟೆಂಬರ್ ಮುಗಿಯುತ್ತಿತ್ತು. ಹುಬ್ಬಳ್ಳಿಯಿಂದ ಗದಗಿನ ಕಾಲೇಜಿಗೆ ಒಂದು ಪತ್ರ ಬಂತು. ಬರೆದವನು ದ್ಯಾಮಪ್ಪ, ಅಲ್ಲಿಯ ರೈಲ್ವೆ ಫುಟ್‌ಬಾಲ್ ತಂಡವನ್ನು ನೋಡಿಕೊಳ್ಳುವವನು. ತಂಡಕ್ಕೆ ಇಬ್ಬರು ಹೊಸ ಹುಡುಗರು ಬೇಕಾಗಿದ್ದಾರೆ, ಆಯ್ಕೆಯಾದವರಿಗೆ ರೈಲ್ವೆಯಲ್ಲಿ ನೌಕರಿಯೂ ಸಿಗುತ್ತದೆ ಎಂದು ಬರೆದಿದ್ದ. ಮೈದಾನದ ಅಂಚಿನ ಗೆರೆಯ ಗುಂಟ ಓಡಿ, ದೂರದಿಂದ ಬಂದ ಚೆಂಡನ್ನು ಹಿಡಿದು ಗೋಲಿನತ್ತ ಒಯ್ಯುವ ಆಟಗಾರರು ನಿಮ್ಮಲ್ಲಿ ಒಳ್ಳೆಯವರಿದ್ದಾರೆಂದು ಕೇಳಿದ್ದೇನೆ, ಅವರ ಹೆಸರುಗಳನ್ನು ಅನುಕ್ರಮವಾಗಿ ಬರೆದು ಕಳಿಸಿ. ಇವತ್ತು ಯಾರು ಚೆನ್ನಾಗಿ ಆಡುತ್ತಾರೆ ಎಂದಲ್ಲ, ಇನ್ನು ಹತ್ತು ವರ್ಷ ಯಾರು ಆಡಬಲ್ಲರು ಎಂಬುದನ್ನು ನೋಡಿ ಬರೆಯಿರಿ. ಪತ್ರದ ತಿರುಳು ಇಷ್ಟೇ.

ಪ್ರಿನ್ಸಿಪಾಲರು ಆಟದ ಮಾಸ್ತರ ಮಹಬೂಬಸಾಬರನ್ನು ಕರೆಸಿ ಪತ್ರ ಕೈಗೆ ಕೊಟ್ಟರು.

"ನಿಮ್ಮ ಹಳೇ ಗೆಳ್ಯಾನ ಪತ್ರ. ನಾಕು ದಿನದಾಗ ಬರದು ಕೊಡ್ರಿ, ಟೈಪ್ ಮಾಡಿಸಿ ಕಳಸೂಣು."

ಮಹಬೂಬಸಾಬರಿಗೆ ಆಗ ನಲವತ್ತೆಂಟು. ಗದಗಿನ ಲೋಕೋ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದವರು. ದ್ಯಾಮಪ್ಪನೂ ಅವರೂ ಒಂದೇ ತಂಡದಲ್ಲಿ ಒಂಬತ್ತು ವರ್ಷ ಆಡಿದ್ದರು. ಒಮ್ಮೆ ಸೊಲ್ಲಾಪುರದ ಪಂದ್ಯದಲ್ಲಿ ಬಲಗಡೆಯ ಮೊಣಕಾಲು ಹೋಯಿತು. ಆಟ ನಿಂತಿತು, ಮುಂದೆ ನೌಕರಿಯನ್ನೂ ಬಿಡಬೇಕಾಯಿತು. ಊರಿನ ಹಿರಿಯರು ಕಾಲೇಜು ತೆರೆದಾಗ ಹುಡುಗರನ್ನು ಆಡಿಸಲು ಒಬ್ಬರು ಬೇಕು ಎಂದು ಅವರನ್ನೇ ಕರೆದಿದ್ದರು. ಮಾತು ಕಡಿಮೆ, ಕಣ್ಣು ಚುರುಕು. ಯಾರ ಕಾಲಿನಲ್ಲಿ ಎಷ್ಟು ಕಸುವಿದೆ ಎಂದು ನೋಡಿದೊಡನೆ ಹೇಳುತ್ತಾರೆ ಎಂಬ ಹೆಸರು ಅವರಿಗಿತ್ತು. ಅವರಿಗೂ ಅದರ ಬಗ್ಗೆ ಸ್ವಲ್ಪ ಹೆಮ್ಮೆಯೇ ಇತ್ತು.

ಗೆರೆಯ ಗುಂಟ ಆಡುವವರು ಮೂವರಿದ್ದರು. ಹುಲಕೋಟಿಯ ಸಕ್ರಪ್ಪ, ಬಾಳೆಹೊಸೂರಿನ ನೀಲಪ್ಪ, ಹೊಂಬಳದ ಗಾಳೆಪ್ಪ. ಸಕ್ರಪ್ಪ ಓಡಿದರೆ ಹಿಂದಿನವರಿಗೆ ಅವನ ಬೆನ್ನಷ್ಟೇ ಕಾಣುತ್ತಿತ್ತು. ನೀಲಪ್ಪ ಅಷ್ಟು ಓಡುತ್ತಿರಲಿಲ್ಲ, ಆದರೆ ಎರಡೂ ಕಾಲಿನಿಂದ ಒಂದೇ ಸಮ ಒದೆಯುತ್ತಿದ್ದ. ಗಾಳೆಪ್ಪ ಹೇಳಿದ್ದನ್ನೆಲ್ಲ ಮಾಡುತ್ತಿದ್ದ, ಆದರೆ ಓಟದಲ್ಲಿ ಯಾವಾಗಲೂ ಹಿಂದೆ.

ಮಹಬೂಬಸಾಬರು ಮೂರು ದಿನ ಬೆಳಿಗ್ಗೆ ಏಳಕ್ಕೆ ಮೂವರನ್ನೂ ಮೈದಾನಕ್ಕೆ ಕರೆದು ನೋಡಿದರು. ಮೂಲೆಯ ನಿಶಾನೆಯಿಂದ ಗೋಲಿನವರೆಗೆ ಹತ್ತು ಸಲ ಓಡಿಸಿದರು. ಮೂರು ದಿನವೂ ಗಾಳೆಪ್ಪ ಮೂರನೆಯವನೇ. ನಾಲ್ಕನೆಯ ದಿನ ಅವರು ಹಾಳೆಯ ಮೇಲೆ ಬರೆದರು: ಒಂದು, ಸಕ್ರಪ್ಪ, ಅಪರೂಪದ ಓಟ. ಎರಡು, ನೀಲಪ್ಪ, ಎರಡೂ ಕಾಲು ಸಮ, ತಾಳ್ಮೆ ಇದೆ. ಮೂರು, ಗಾಳೆಪ್ಪ, ಶ್ರದ್ಧೆ ಇದೆ, ಓಟ ಸಾಲದು, ಮುಂದಕ್ಕೆ ಬೆಳೆಯುವ ಲಕ್ಷಣ ಕಡಿಮೆ.

ಆಫೀಸಿನಲ್ಲಿ ಎರಡು ಪ್ರತಿ ಟೈಪಾದವು. ಒಂದು ಹುಬ್ಬಳ್ಳಿಗೆ ಹೋಯಿತು. ಇನ್ನೊಂದನ್ನು ಕಾರಕೂನ, ಇದು ತಂಡದ ಸುದ್ದಿ ಇರಬೇಕು ಎಂದುಕೊಂಡು, ಸೂಚನಾ ಫಲಕಕ್ಕೆ ಚುಚ್ಚಿಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಇಡೀ ಕಾಲೇಜು ಅದನ್ನು ಓದಿತ್ತು. ಮಹಬೂಬಸಾಬರ ಕಿವಿಗೆ ಬಿದ್ದು, ಅವರು ಕುಂಟುತ್ತ ಬಂದು ಹಾಳೆ ತೆಗೆಯುವಷ್ಟರಲ್ಲಿ ತಡವಾಗಿತ್ತು. ಮರುದಿನ ಬೆಳಿಗ್ಗೆ ಮೈದಾನಕ್ಕೆ ಸಕ್ರಪ್ಪ ಬಂದ, ನೀಲಪ್ಪ ಬಂದ. ಗಾಳೆಪ್ಪ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ರವಿವಾರ ಮುಂಜಾನೆ ಸ್ಟೇಷನ್ ಹತ್ತಿರದ ಮಹಬೂಬಸಾಬರ ಮನೆಯ ಮುಂದೆ ಒಬ್ಬ ಹೆಂಗಸು ಬಂದು ನಿಂತಳು. ನಲವತ್ತರ ಆಚೀಚೆ ವಯಸ್ಸು. ಕಾಲಿಗೆ ಎರೆಮಣ್ಣು ಮೆತ್ತಿತ್ತು. ಸೀರೆಯ ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿದ್ದಳು.

"ಚೆಂಡಿನ ಮಾಸ್ತರ ಮನಿ ಇದಽ ಏನ್ರಿ?"

"ಹೌದು ಯವ್ವಾ. ನೀವ್ಯಾರು?"

"ನಾ ಉಡಚವ್ವ. ಹೊಂಬಳದಾಕಿ. ಗಾಳೆಪ್ಪನ ಅವ್ವ."

ಮಹಬೂಬಸಾಬರು ಎದ್ದು ನಿಂತರು. "ಬರ್ರಿ, ಒಳಗ ಬರ್ರಿ."

"ಇಲ್ಲೇ ಬೇಸಿ ಐತ್ರಿ," ಎಂದು ಅವಳು ಹೊಸ್ತಿಲಿನಿಂದ ಎರಡು ಮಾರು ದೂರದಲ್ಲೇ ನಿಂತಳು. ಹಾಗೆ ನಿಲ್ಲುವುದು ಅವಳಿಗೆ ರೂಢಿಯಾಗಿತ್ತು. ಒಳಗಿನಿಂದ ಅಲ್ಮಾಸಬಿ ಬಂದರು. ಗಂಡನ ಮುಖ ನೋಡಿದರು, ಅಂಗಳದ ಹೆಂಗಸನ್ನು ನೋಡಿದರು, ಸೀದಾ ಹೋಗಿ ಅವಳ ಕೈ ಹಿಡಿದರು.

"ಬಿಸಲಾಗ ನಿಂತು ಮಾತಾಡಿದ್ರ ನಮ್ಮ ಮನಿಗೆ ಮರ್ಯಾದಿ ಅಲ್ಲ ಅಕ್ಕಾ. ಬಾ, ಕುಂಡ್ರು. ಹೊಂಬಳದಿಂದ ನಡಕೊಂತ ಬಂದೀಯೇನು?"

"ಮತ್ತ್ಯಾಂಗ ಬರ್ಲಿ," ಎಂದು ಉಡಚವ್ವ ಒಳಗೆ ಬಂದು ಚಾಪೆಯ ಅಂಚಿಗೆ ಕೂತಳು. ಕೊಟ್ಟ ನೀರು ಕುಡಿದಳು. ಆಮೇಲೆ ಮಾಸ್ತರ ಕಡೆ ತಿರುಗಿದಳು.

"ಆ ಹಾಳಿಯೊಳಗ ನನ್ನ ಮಗನ ಬಗ್ಗೆ ಏನ ಬರದೀರಿ, ಅಷ್ಟು ಓದಿ ಹೇಳ್ರಿ. ಅಂವ ಹೇಳವಲ್ಲ. ಮೂರು ದಿನ ಆತು, ಸರಿಯಾಗಿ ಉಣವಲ್ಲ. ಕಾಲೇಜ ಬಿಡತೇನಿ ಅಂತಾನ."

ಮಹಬೂಬಸಾಬರಿಗೆ ಓದುವ ಅಗತ್ಯವಿರಲಿಲ್ಲ. ಪ್ರತಿಯೊಂದು ಅಕ್ಷರ ನೆನಪಿತ್ತು. ಬರೆಯುವಾಗ ಸಲೀಸಾಗಿದ್ದ ಮಾತನ್ನು ಆ ತಾಯಿಯ ಮುಂದೆ ಬಾಯಿಬಿಟ್ಟು ಹೇಳುವುದು ಕಷ್ಟವಾಯಿತು. ಆದರೂ ಹೇಳಿದರು. "ಶ್ರದ್ಧಾ ಐತಿ. ಓಟ ಸಾಲದು. ಮುಂದ ಬೆಳಿಯೂ ಲಕ್ಷಣ ಕಡಿಮಿ."

ಉಡಚವ್ವ ನೀರಿನ ತಂಬಿಗೆ ಪಕ್ಕಕ್ಕೆ ಸರಿಸಿದಳು.

"ಹತ್ತೊಂಬತ್ತು ವರ್ಷದ ಹುಡುಗರಿ ಅಂವ. ಮೊಣಕಾಲುದ್ದ ಬಂದ ಜ್ವಾಳಾ ನೋಡಿ, ಇದು ತೆನಿ ಹಿಡಿಯಾಂಗಿಲ್ಲ ಅಂತ ಹೇಳಾಕ ಬರತೈತೇನ್ರಿ?"

"ಸುಳ್ಳು ಬರದಿಲ್ಲ ಯವ್ವಾ. ನನ್ನ ಕಣ್ಣಿಗೆ ಕಂಡದ್ದು ಬರದೀನಿ."

"ಸುಳ್ಳು ಬರೀರಿ ಅಂತ ಹೇಳಾಕ ನಾ ಬಂದಿಲ್ಲ. ನಿಮ್ಮ ಕಣ್ಣಿಗೆ ಕಂಡದ್ದು ಎಷ್ಟು ಅಂತ ಕೇಳಾಕ ಬಂದೀನಿ. ಅಂವ ನಿಮ್ಮ ಮುಂದ ಬಂದು ನಿಂದರೂದ್ರಾಗ ಎರಡು ತಾಸು ನಡದಿರತಾನ. ಅದು ನಿಮಗ ಕಂಡೈತೇನು?"

ಮಹಬೂಬಸಾಬರು ಹೆಂಡತಿಯ ಮುಖ ನೋಡಿದರು. "ಹಾಸ್ಟೆಲ್‌ನಾಗ ಇರತಾನ ಅಂತ ತಿಳಕೊಂಡಿದ್ದೆ."

"ಜಾಗಾ ತುಂಬೇತಂತ್ರಿ. ಬರೂ ವರ್ಷ ನೋಡೂಣು ಅಂದಾರ. ಬಸ್ಸು ಬರೂದು ಹತ್ತಕ್ಕ. ಬೆಳ್ಳಿ ಮೂಡೂಕಿಂತ ಮೊದ್ಲ ಏಳತಾನ, ರೊಟ್ಟಿ ಕಟಗೊಂಡು ಹೊಂಟ ಬಿಡತಾನ. ಸಂಜಿಕ ಮತ್ತ ಅಷ್ಟ ನಡದು ಬರತಾನ." ಅವಳ ದನಿಯಲ್ಲಿ ದೂರು ಇರಲಿಲ್ಲ. ಹೊಲದ ಕೆಲಸದ ಲೆಕ್ಕ ಒಪ್ಪಿಸಿದ ಹಾಗೆ ಹೇಳಿದಳು. "ನನಗ ಚೆಂಡಿನ ಆಟ ತಿಳಿಯಾಂಗಿಲ್ಲ. ಅಂವ ಮೂರನೇದಾಂವ ಇದ್ರ ಮೂರನೇದಾಂವನಽ. ಆದ್ರ ಪೂರಾ ನೋಡಿ ಹೇಳ್ರಿ."

ಅಲ್ಮಾಸಬಿ ಉಣ್ಣಲು ಕರೆದರೂ ಅವಳು ನಿಲ್ಲಲಿಲ್ಲ. ಶೇಂಗಾ ಕೀಳುವ ಕೆಲಸ ಅರ್ಧಕ್ಕೆ ಬಿಟ್ಟು ಬಂದಿದ್ದಳು. ಅವಳು ಹೋದಮೇಲೆ ಮಹಬೂಬಸಾಬರು ಬಹಳ ಹೊತ್ತು ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದರು.

"ಏನ ವಿಚಾರ ಮಾಡಾಕತ್ತೀರಿ?" ಅಲ್ಮಾಸಬಿ ಕೇಳಿದರು.

"ಹೊಂಬಳಕ್ಕ ಹೋಗಿ ಬರತೇನಿ."

"ಆ ಕಾಲು ತಗೊಂಡು?"

"ಹೋಗೂ ಮುಂದ ಚಕ್ಕಡಿ ಐತಿ. ಬರೂ ಮುಂದ ನಡಕೊಂತ ಬರತೇನಿ."

ಮರುದಿನ ಸಂಜೆ ಪೇಟೆಗೆ ಶೇಂಗಾ ಹಾಕಿ ಹೊರಳಿದ್ದ ಚಕ್ಕಡಿಯೊಂದರಲ್ಲಿ ಅವರು ಹೊಂಬಳಕ್ಕೆ ಹೋದರು. ಪರಿಚಯದ ಪಿಂಜಾರರ ಮನೆಯಲ್ಲಿ ಉಳಿದರು. ಬೆಳಗಿನ ಜಾವ ಉಡಚವ್ವನ ಮನೆಯ ಮುಂದೆ ಹೋಗಿ ನಿಂತಾಗ ಗಾಳೆಪ್ಪ ಒಲೆಯ ಮುಂದೆ ಕೂತಿದ್ದ. ಮಾಸ್ತರನ್ನು ನೋಡಿ ಎದ್ದು ನಿಂತ. ತಾಯಿಯ ಕಡೆ ನೋಡಿದ.

"ಕಾಲೇಜಿಗೆ ಬರಾಂವ ಅದಿಯೋ ಇಲ್ಲೋ ಆಮ್ಯಾಲೆ ನೋಡೂಣು," ಎಂದರು ಮಹಬೂಬಸಾಬರು. "ಇವತ್ತ ನನ್ನ ಕೂಡ ಗದಗಿನ ತನಕ ನಡಿ. ನನಗ ದಾರಿ ಗೊತ್ತಿಲ್ಲ."

ಉಡಚವ್ವ ಎರಡು ರೊಟ್ಟಿ ಹೆಚ್ಚಿಗೆ ಬಡಿದು, ಪುಂಡಿಪಲ್ಲೆ ಇಟ್ಟು, ಬಟ್ಟೆಯಲ್ಲಿ ಕಟ್ಟಿಕೊಟ್ಟಳು.

ದಾರಿ ಎಂದರೆ ಚಕ್ಕಡಿಯ ಗಾಲಿ ಕೊರೆದ ಎರಡು ಹಳ್ಳ. ಹಿಂದಿನ ವಾರ ಬಿದ್ದ ಮಳೆಗೆ ಎರೆಮಣ್ಣು ಅಂಟಂಟಾಗಿತ್ತು. ಪ್ರತಿ ಹೆಜ್ಜೆಗೂ ಕಾಲು ಒಂದೊಂದು ಸೇರು ಮಣ್ಣು ಎತ್ತಿಕೊಳ್ಳುತ್ತಿತ್ತು. ಅರ್ಧ ಮೈಲು ಹೋಗುವುದರಲ್ಲಿ ಮಹಬೂಬಸಾಬರ ಮೊಣಕಾಲು ನೋಯತೊಡಗಿತು. ಗಾಳೆಪ್ಪ ಕೇಳದೆಯೇ ನಡಿಗೆ ನಿಧಾನ ಮಾಡಿದ. ಪುಸ್ತಕದ ಗಂಟು ತಲೆಯ ಮೇಲೆ, ರೊಟ್ಟಿಯ ಗಂಟು ಹೆಗಲ ಮೇಲೆ. ಅವನ ಉಸಿರು ಒಂದು ಸಲವೂ ಏರಲಿಲ್ಲ.

"ಒಂದು ಮಾತು ಯಾಕ ಹೇಳಲಿಲ್ಲೋ ನನಗ, ಇಷ್ಟು ದೂರ ನಡದು ಬರತೇನಿ ಅಂತ?"

"ನೀವು ಕೇಳಲಿಲ್ಲಲ್ರಿ ಸರ್."

ಮಹಬೂಬಸಾಬರು ಕಾಲಿಗೆ ಮೆತ್ತಿದ ಮಣ್ಣನ್ನು ಕಲ್ಲಿಗೆ ಒರೆಸಿ ಮುಂದೆ ನಡೆದರು.

ಅರ್ಧ ದಾರಿಗೆ ಬಂದಾಗ ಬೆಳಕಾಗಿತ್ತು. ಎದುರಿನಿಂದ ಒಂದು ಕುರಿಹಿಂಡು ಬಂತು. ಇವರಿಗೆ ದಾರಿ ಬಿಡಲೆಂದು ಕುರುಬ ಹಿಂಡನ್ನು ಒತ್ತಿದಾಗ ಒಂದು ಹೋತ ಸಿಡಿದು ಪಕ್ಕದ ಹತ್ತಿಯ ಹೊಲದ ಕಡೆ ಓಡಿತು. ಕುರುಬ ಕೂಗುತ್ತ ಅದರ ಬೆನ್ನು ಹತ್ತಿದ. ಗಾಳೆಪ್ಪ ಓಡಲಿಲ್ಲ. ಗಂಟುಗಳನ್ನು ಮಾಸ್ತರ ಕೈಗೆ ಕೊಟ್ಟು, ಹೋತ ಇದ್ದ ಕಡೆ ಅಲ್ಲ, ಬೇರೆಯೇ ದಿಕ್ಕಿಗೆ ಅಡ್ಡಡ್ಡ ನಡೆದು ಬೇಲಿಯ ಒಂದು ಸಂದಿಯಲ್ಲಿ ಹೋಗಿ ನಿಂತ. ಅಲ್ಲಿ ಯಾಕೆ ನಿಂತನೋ ಎಂದು ಮಹಬೂಬಸಾಬರು ನೋಡುತ್ತಿರುವಾಗಲೇ ಹೋತ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಕಡೆಗೆ ಅದೇ ಸಂದಿಗೆ ಬಂದು ಗಾಳೆಪ್ಪನ ಮೊಣಕಾಲಿಗೆ ಢಿಕ್ಕಿ ಹೊಡೆಯಿತು. ಅವನು ಅದರ ಕೋಡು ಹಿಡಿದು ಎಳೆದು ತಂದು ಹಿಂಡಿಗೆ ಬಿಟ್ಟ.

"ಅದು ಅಲ್ಲಿಗೇ ಬರತೈತಿ ಅಂತ ಹ್ಯಾಂಗ ಗೊತ್ತಾತು?"

"ಮತ್ತೆಲ್ಲಿ ಹೋಗ್ಬೇಕ್ರಿ ಅದು? ಆ ಕಡೆ ಮುಳ್ಳು, ಈ ಕಡೆ ಕುರುಬ." ಗಾಳೆಪ್ಪನಿಗೆ ಅದು ಕೇಳುವಂಥ ಪ್ರಶ್ನೆಯೇ ಅನ್ನಿಸಲಿಲ್ಲ.

ಮಹಬೂಬಸಾಬರು ದಾರಿಯಲ್ಲಿಯೇ ನಿಂತುಬಿಟ್ಟರು. ಇಷ್ಟು ದಿನ ಅವರು ಆ ಹುಡುಗನನ್ನು ಗೆರೆಯ ಮೇಲೆ ಓಡಿಸಿ ಅಳೆದಿದ್ದರು. ಅವನ ಜಾಗ ಗೆರೆಯೇ ಅಲ್ಲ. ಅವನು ಮೈದಾನದ ನಡುವೆ ನಿಲ್ಲಬೇಕಾದವನು. ಎದುರಾಳಿ ಎಲ್ಲಿಗೆ ಬರುತ್ತಾನೆಂದು ಮೊದಲೇ ತಿಳಿದು ಅಡ್ಡ ನಿಲ್ಲುವ, ಚೆಂಡು ಕಿತ್ತು ಮುಂದಿನವರಿಗೆ ಕೊಡುವ, ಹಿಂದಕ್ಕೂ ಮುಂದಕ್ಕೂ ಪೂರಾ ಪಂದ್ಯ ನಡೆದಾಡಿದರೂ ದಣಿಯದ ಹಾಫ್‌ಬ್ಯಾಕ್ ಆಗಬೇಕಾದವನು.

ಅವತ್ತು ಮೈದಾನ ಮುಟ್ಟಿದಾಗ ಎಂಟು ಹೊಡೆದಿತ್ತು. ಉಳಿದ ಹುಡುಗರು ಕಾದಿದ್ದರು. ಮಹಬೂಬಸಾಬರು ಕೂರಲೂ ಇಲ್ಲ.

"ಸಕ್ರಪ್ಪ, ಚೆಂಡು ತಗೊಂಡು ಆ ಕಡಿಯಿಂದ ಬಾ. ಗಾಳೆಪ್ಪ, ನೀ ನಡುವ ನಿಂದ್ರು. ಅಂವ ದಾಟಬಾರ್ದು."

ಸಕ್ರಪ್ಪ ನಗುತ್ತ ಬಂದ, ದಾಟಿದ. ಎರಡನೆಯ ಸಲವೂ ದಾಟಿದ. ಮೂರನೆಯ ಸಲ ಚೆಂಡು ಗಾಳೆಪ್ಪನ ಕಾಲಿನಲ್ಲಿತ್ತು. ಹತ್ತು ಸಲದಲ್ಲಿ ಏಳು ಸಲ ಸಕ್ರಪ್ಪನಿಗೆ ದಾಟಲಾಗಲಿಲ್ಲ. ಕೊನೆಗೆ ಅವನು ನಗುವುದನ್ನು ನಿಲ್ಲಿಸಿ, "ಏನ್ಲೇ ಇದು, ನಾ ಹೋಗೂಕಿಂತ ಮೊದ್ಲ ನೀ ಅಲ್ಲಿ ಇರತೀ," ಎಂದ.

ಮಹಬೂಬಸಾಬರು ಎಲ್ಲರನ್ನೂ ಕೂರಿಸಿ ಹೇಳಿದರು. "ಈ ಹುಡುಗನ ಓಟದ ಬಗ್ಗೆ ನಾ ಬರದದ್ದು ಖರೆ. ಬೆಳಿಯೂ ಲಕ್ಷಣ ಕಡಿಮಿ ಅಂತ ಬರದದ್ದು ತಪ್ಪು. ಅದು ನನಗ ಗೊತ್ತಿದ್ದಿಲ್ಲ. ಗೊತ್ತಿಲ್ಲದ್ದನ್ನ ಬರದೆ. ಎಲ್ಲಾರ ಮುಂದ ಹಾಳಿ ಹಚ್ಚಿತ್ತು, ಅದಕ್ಕ ಎಲ್ಲಾರ ಮುಂದ ಹೇಳಾಕತ್ತೀನಿ."

ಗಾಳೆಪ್ಪನಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದರು. ಆದರೆ ಉಳಿದವರು ಎದ್ದು ಹೋದಮೇಲೂ ಅವನು ಹುಲ್ಲು ಕೀಳುತ್ತ ಅಲ್ಲೇ ಕೂತಿದ್ದ.

"ಅಂದ್ರ ನಾ ಗೋಲ ಹೊಡಿಯೂದು ಬ್ಯಾಡ ಅಂತೀರಿ."

"ಹೊಡಿಯಾಕ ಸಕ್ರಪ್ಪ ಅದಾನ, ನೀಲಪ್ಪ ಅದಾನ."

"ಚಪ್ಪಾಳಿ ಬೀಳೂದು ಅವರಿಗೇರಿ. ಹಾಫ್‌ನ್ಯಾಗ ನಿಂತಾವನ ಹೆಸರು ಯಾರಿಗೆ ಗೊತ್ತಿರತೈತಿ? ಮೂರನೇದರಿಂದ ತಗದು ಇನ್ನೂ ಹಿಂದಕ ಹಾಕಿದ್ರಿ ನನ್ನ."

ಮಹಬೂಬಸಾಬರಿಗೆ ಹುಡುಗನ ಮಾತು ಸುಳ್ಳು ಅನ್ನಿಸಲಿಲ್ಲ. ಅವರೂ ಒಂಬತ್ತು ವರ್ಷ ಗೆರೆಯ ಗುಂಟ ಓಡಿ ಚಪ್ಪಾಳೆ ಗಿಟ್ಟಿಸಿದವರೇ. "ಖರೆ ಐತಿ. ಚಪ್ಪಾಳಿ ಕಡಿಮಿ," ಎಂದರು. "ಆದ್ರ ನಾ ಆಡೂ ಮುಂದ ನನಗ ಅಂಜಿಕಿ ಇದ್ದದ್ದು ಎದುರಿನ ಗೋಲ್‌ಕೀಪರಂದಲ್ಲ. ನಿನ್ನಂಥ ಹಾಫ್‌ಬ್ಯಾಕಂದು. ಹದಿನೈದು ದಿನ ಆಡು. ಬ್ಯಾಡ ಅನಿಸಿದ್ರ ಮತ್ತ ಗೆರಿಗೆ ಬಾ. ನಾ ತಡಿಯಾಂಗಿಲ್ಲ."

ಆ ಹದಿನೈದು ದಿನ ಗಾಳೆಪ್ಪ ಅವರ ಮನೆಯ ಪಡಸಾಲೆಯಲ್ಲಿ ಉಳಿದ. ಅದು ಅಲ್ಮಾಸಬಿಯ ತೀರ್ಮಾನ. ಉಡಚವ್ವ ಮೂರು ದಿನಕ್ಕೊಮ್ಮೆ ಪೇಟೆಗೆ ಬರುವ ಚಕ್ಕಡಿಯವರ ಕೈಯಲ್ಲಿ ಕಟಕ ರೊಟ್ಟಿ, ಶೇಂಗಾಚಟ್ನಿ ಕಳಿಸುತ್ತಿದ್ದಳು. ಮನೆಯಲ್ಲಿ ಎಲ್ಲರೂ ಅದನ್ನೇ ತಿನ್ನುತ್ತಿದ್ದರು. ನಿದ್ದೆ ಸಾಕಷ್ಟು ಸಿಕ್ಕಿದ್ದರಿಂದ ಹುಡುಗನ ಓಟವೂ ತುಸು ಏರಿತು. ಆದರೂ ಸಕ್ರಪ್ಪನ ಹತ್ತಿರ ಬರಲಿಲ್ಲ. ಹದಿನಾರನೆಯ ದಿನ ಅವನು ತಾನಾಗಿಯೇ ಹೋಗಿ ನಡುವೆ ನಿಂತ.

ಮಹಬೂಬಸಾಬರು ದ್ಯಾಮಪ್ಪನಿಗೆ ಇನ್ನೊಂದು ಪತ್ರ ಹಾಕಿದ್ದರು. ಮೊದಲಿನ ಪಟ್ಟಿಯ ಮೂರನೇ ಹೆಸರನ್ನು ಆ ಪಟ್ಟಿಯಿಂದ ತೆಗೆ, ಅವನನ್ನು ನೀನೇ ಬಂದು ನೋಡು ಎಂದು. ಉತ್ತರ ಬಂತು: ನವೆಂಬರ್ ಒಂದಕ್ಕೆ ಹೊಸ ರಾಜ್ಯದ ಸಂಭ್ರಮಕ್ಕೆ ನಿಮ್ಮೂರಿನವರು ನಮ್ಮ ತಂಡವನ್ನು ಆಡಲು ಕರೆದಿದ್ದಾರೆ. ಅವತ್ತೇ ನೋಡುತ್ತೇನೆ.

ಆ ಗುರುವಾರ ಗದಗ-ಬೆಟಗೇರಿಯ ಬೀದಿಗಳಲ್ಲಿ ತೋರಣ ಕಟ್ಟಿದ್ದರು. ದೀಪಾವಳಿಯೂ ಅದೇ ವಾರ ಬಂದಿತ್ತು. ಹೀಗಾಗಿ ಯಾವ ಪಟಾಕಿ ಹಬ್ಬದ್ದು, ಯಾವುದು ರಾಜ್ಯದ್ದು ಎಂದು ಹೇಳುವಂತಿರಲಿಲ್ಲ. ನಿನ್ನೆಯವರೆಗೆ ಮುಂಬಯಿ ರಾಜ್ಯದಲ್ಲಿದ್ದ ಊರು ಇವತ್ತು ಮೈಸೂರು ರಾಜ್ಯದಲ್ಲಿ ಎದ್ದಿತ್ತು. ಮುಂಜಾನೆ ನಿಶಾನೆ ಏರಿತು, ಭಾಷಣಗಳಾದವು. ಎಂಟು ವರ್ಷದ ಹಿಂದಿನವರೆಗೂ ಸಂಸ್ಥಾನಿಕರ ಕೈಯಲ್ಲಿದ್ದ ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯಿಂದಲೂ ಮುಂಡರಗಿಯಿಂದಲೂ ಜನ ಬಂದಿದ್ದರು. ಮಧ್ಯಾಹ್ನ ನಾಲ್ಕಕ್ಕೆ ಅವರೆಲ್ಲ ಕಾಲೇಜು ಮೈದಾನದ ಸುತ್ತ ಸೇರಿದರು. ಅಲ್ಮಾಸಬಿಯ ಪಕ್ಕದಲ್ಲಿ ಉಡಚವ್ವ ಕೂತಿದ್ದಳು. ಮಗ ಆಡುವುದನ್ನು ಅವಳು ನೋಡುತ್ತಿದ್ದುದು ಅದೇ ಮೊದಲು.

ರೈಲ್ವೆಯವರು ಬೂಟು ಹಾಕಿದ್ದರು. ಕಾಲೇಜಿನ ಹುಡುಗರದು ಬರಿಗಾಲು, ಕಣಕಾಲಿಗೆ ಬಿಗಿದ ಬಟ್ಟೆ ಅಷ್ಟೇ. ರೈಲ್ವೆಯ ಬಲಗಡೆ ಹೊಳೆಯಪ್ಪ ಎಂಬ ಹಳೆಯ ಆಟಗಾರನಿದ್ದ. ಅವನನ್ನು ತಡೆಯುವುದು ನಡುವಿನ ಸಾಲಿನಲ್ಲಿ ಎಡಗಡೆ ನಿಂತ ಗಾಳೆಪ್ಪನ ಪಾಲಿಗೆ ಬಂತು. ಮೊದಲ ಹತ್ತು ನಿಮಿಷದಲ್ಲಿ ಹೊಳೆಯಪ್ಪ ಅವನನ್ನು ಎರಡು ಸಲ ದಾಟಿದ. ಎರಡನೆಯ ಸಲ ಗೋಲಾಯಿತು. ಜನರಲ್ಲಿ ಯಾರೋ, "ಆ ಎಡಗಡೆ ಹುಡುಗನ್ನ ತಗೀರಿ," ಎಂದು ಕೂಗಿದರು. ಉಡಚವ್ವ ತಿರುಗಿ ಕೂಗಿದವನನ್ನು ನೋಡಿದಳು. ಅವನು ಮತ್ತೆ ಕೂಗಲಿಲ್ಲ.

ಮಹಬೂಬಸಾಬರು ಗೆರೆಯ ಹೊರಗೆ ನಿಂತು ನೋಡುತ್ತಿದ್ದರು. ಗಾಳೆಪ್ಪ ಹೊಳೆಯಪ್ಪನ ಕಾಲು ನೋಡುವುದನ್ನು ಬಿಟ್ಟು ಭುಜ ನೋಡತೊಡಗಿದ್ದು ಅವರಿಗೆ ಕಂಡಿತ್ತು. ಗೆರೆ ಬಿಟ್ಟು ಒಳಕ್ಕೆ ತಿರುಗುವ ಮೊದಲು ಆ ಮನುಷ್ಯ ಎಡಭುಜ ಸ್ವಲ್ಪ ಇಳಿಸುತ್ತಿದ್ದ. ಮೂರನೆಯ ಸಲ ಭುಜ ಇಳಿಯುವಷ್ಟರಲ್ಲಿ ಗಾಳೆಪ್ಪ ಆ ದಾರಿಯಲ್ಲಿ ನಿಂತಾಗಿತ್ತು. ನಾಲ್ಕನೆಯ ಸಲವೂ, ಐದನೆಯ ಸಲವೂ ಹಾಗೇ ಆಯಿತು. ಹೊಳೆಯಪ್ಪ ಬೇಸತ್ತು ಇನ್ನೊಂದು ಬದಿಗೆ ಹೋದ.

ಎರಡನೆಯ ಅರ್ಧದಲ್ಲಿ ಗಾಳೆಪ್ಪ ಕಿತ್ತ ಚೆಂಡೊಂದು ನೀಲಪ್ಪನಿಗೆ ಹೋಯಿತು. ಎದುರಿಗೆ ಗೋಲ್‌ಕೀಪರ್ ಒಬ್ಬನೇ. ನೀಲಪ್ಪ ಒದ್ದದ್ದು ಕಂಬದ ಮೇಲಿನಿಂದ ಹಾರಿ ಜನರ ನಡುವೆ ಬಿತ್ತು. ಅವನು ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತ. ಸ್ವಲ್ಪ ಹೊತ್ತಿಗೆ ಅಂಥದೇ ಇನ್ನೊಂದು ಚೆಂಡು ಸಕ್ರಪ್ಪನಿಗೆ ಸಿಕ್ಕಿತು. ಅವನ ಗುರಿ ತಪ್ಪಲಿಲ್ಲ. ಮೈದಾನವೆಲ್ಲ ಎದ್ದು ಕುಣಿಯಿತು. ಕೊನೆಯ ಗಳಿಗೆಯಲ್ಲಿ ರೈಲ್ವೆಯವರು ಮೂಲೆಯಿಂದ ಬಂದ ಚೆಂಡನ್ನು ತಲೆಯಿಂದ ಹೊಡೆದು ಗೆದ್ದರು. ಎರಡಕ್ಕೆ ಒಂದು. ಆದರೂ ಜನ ಸೋತವರಂತೆ ಮನೆಗೆ ಹೋಗಲಿಲ್ಲ.

ದ್ಯಾಮಪ್ಪ ಬೇವಿನ ಗಿಡದ ಕೆಳಗೆ ಮಹಬೂಬಸಾಬರ ಹೆಗಲ ಮೇಲೆ ಕೈ ಹಾಕಿ ನಿಂತ. "ನಿನ್ನ ಮೊದಲ್ನೇದಾಂವ ಬರ್ಲಿ. ಆ ಎಡಗಡೆ ಹಾಫ್ ಬರ್ಲಿ. ಅಂವನ್ನ ನಾ ಇನ್ನೊಬ್ಬರಿಗೆ ಬಿಟ್ಟುಕೊಡಾಂಗಿಲ್ಲ."

"ಮತ್ತ ನೀಲಪ್ಪ?"

"ಇಬ್ಬರಽ ಮಹಬೂಬ. ಮೂರು ಜಾಗಾ ಇದ್ದಿದ್ರ ಮೂರೂ ಮಂದಿ ಕರಕೊಂಡು ಹೋಗತಿದ್ದೆ."

ಸಕ್ರಪ್ಪನಿಗೆ, ಗಾಳೆಪ್ಪನಿಗೆ ಸುದ್ದಿ ಹೇಳುವುದು ಸುಲಭವಾಯಿತು. ನೀಲಪ್ಪ ಮೈದಾನದ ಆಚೆ ತುದಿಯಲ್ಲಿ ಕಾಲಿನ ಬಟ್ಟೆ ಬಿಚ್ಚುತ್ತ ಒಬ್ಬನೇ ಕೂತಿದ್ದ. ಮಹಬೂಬಸಾಬರು ಹೋಗಿ ಪಕ್ಕದಲ್ಲಿ ಕೂತರು. ಕೂರಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ನಾ ಇಲ್ಲ ಅಲ್ರಿ ಸರ್?"

"ಇಲ್ಲೋ."

"ನನ್ನ ಹೆಸರು ಎರಡನೇದಿತ್ತು." ಅವನು ಬಟ್ಟೆಯನ್ನು ಸುತ್ತಿ ಸುತ್ತಿ ಸಣ್ಣ ಉಂಡೆ ಮಾಡಿದ. "ಆ ಹಾಳಿ ನಾ ನಕಲ ಮಾಡಿಕೊಂಡು ಊರಿಗೆ ಒಯ್ದಿದ್ದೆ. ಅಪ್ಪಗ ಓದಿ ತೋರ್ಸೀನಿ. ಅಪ್ಪ ಓಣಿ ಮಂದಿಗೆಲ್ಲಾ ಹೇಳ್ಯಾನ. ಈಗ ಏನಂತ ಹೋಗ್ಲಿ?"

ಮಹಬೂಬಸಾಬರಿಗೆ ಗಾಳೆಪ್ಪನ ವಿಷಯದಲ್ಲಾದ ನೋವಿಗಿಂತ ಇದು ಹೆಚ್ಚಾಯಿತು. ಆ ತಪ್ಪನ್ನು ತಿದ್ದುವ ದಾರಿಯಿತ್ತು. ಇದನ್ನು ತಿದ್ದಲು ದಾರಿ ಇರಲಿಲ್ಲ. ಅವನ ಬಗ್ಗೆ ಬರೆದದ್ದು ಸುಳ್ಳೂ ಆಗಿರಲಿಲ್ಲ.

"ನಾನೂ ಬರತೇನಿ ನಿನ್ನ ಕೂಡ," ಎಂದರು. "ನಿಮ್ಮ ಅಪ್ಪಗ ನಾನಽ ಹೇಳತೇನಿ."

ಪಾಡ್ಯದ ದಿನ ಇಬ್ಬರೂ ಬಸ್ಸಿನಲ್ಲಿ ಲಕ್ಷ್ಮೇಶ್ವರಕ್ಕೆ ಹೋಗಿ ಅಲ್ಲಿಂದ ಬಾಳೆಹೊಸೂರಿಗೆ ನಡೆದರು. ನೀಲಪ್ಪನ ತಂದೆ ಹುಚ್ಚೀರಪ್ಪ ಮನೆಯ ಮುಂದೆ ಎತ್ತಿನ ಕೋಡಿಗೆ ಬಣ್ಣ ಹಚ್ಚುತ್ತಿದ್ದ. ಮಹಬೂಬಸಾಬರು ಕೂರುವ ಮೊದಲೇ ಮಾತು ತೆಗೆದರು. ಇಬ್ಬರನ್ನೇ ತೆಗೆದುಕೊಂಡರು. ನಿಮ್ಮ ಮಗನ ಆಟದಲ್ಲಿ ಕೊರತೆ ಇಲ್ಲ. ಆ ಪಟ್ಟಿ ಹೊರಗೆ ಬರಬಾರದಿತ್ತು, ಬಂದದ್ದು ನಮ್ಮ ಕಡೆಯ ತಪ್ಪು. ಎಲ್ಲವನ್ನೂ ಬಿಡಿಸಿ ಹೇಳಿದರು.

ಹುಚ್ಚೀರಪ್ಪ ಕುಂಚ ಕೆಳಗಿಟ್ಟು ಮಗನನ್ನು ಒಮ್ಮೆ ನೋಡಿದ. ಆಮೇಲೆ ಮಾಸ್ತರ ಕಾಲು ನೋಡಿದ.

"ಇದನ್ನ ಹೇಳಾಕ ಆ ಕಾಲು ಎಳಕೊಂತ ಇಲ್ಲಿತನ ಬಂದ್ರೇನ್ರಿ?"

"ಹೇಳಬೇಕಾಗಿತ್ತು."

"ಆತು, ಹೇಳಿದ್ರಿ. ಓಣಿ ಮಂದಿಗೆ ನಾ ಹೇಳಿಕೋತೇನಿ. ಅವರಿಗೇನು, ನಾಳೆ ಮತ್ತೊಂದು ಸುದ್ದಿ ಸಿಗತೈತಿ." ಮಗನ ಕಡೆ ತಿರುಗಿದ. "ನೀಲ್ಯಾ, ಇನ್ನೊಂದು ಎತ್ತಿಗೆ ಗೊಂಡೆ ಕಟ್ಟು. ಮಾಸ್ತರ ಹೋಳಿಗಿ ಉಂಡು ಹೋಗ್ಲಿ."

ನೀಲಪ್ಪ ಎಂಟು ದಿನ ಮೈದಾನಕ್ಕೆ ಬರಲಿಲ್ಲ. ಒಂಬತ್ತನೆಯ ದಿನ ಬಂದ. ಎರಡು ವರ್ಷಕ್ಕೆ ಬಿ.ಎ. ಮುಗಿಸಿ ಮುಂಡರಗಿಯ ಶಾಲೆಯೊಂದರಲ್ಲಿ ಶಿಕ್ಷಕನಾದ. ಅಲ್ಲಿಯ ಹುಡುಗರಿಗೆ ಫುಟ್‌ಬಾಲ್ ಕಲಿಸಿದವನು ಅವನೇ. ಸಕ್ರಪ್ಪ ರೈಲ್ವೆಗೆ ಆರು ವರ್ಷ ಆಡಿದ. ಗಾಳೆಪ್ಪ ಹದಿಮೂರು ವರ್ಷ ಆಡಿದ. ಅವನ ಹೆಸರು ಪತ್ರಿಕೆಯಲ್ಲಿ ಬಂದದ್ದು ಕಡಿಮೆ. ಆದರೆ ಅವನಿಲ್ಲದ ದಿನ ತಂಡ ಸೋಲುತ್ತದೆ ಎಂದು ಹುಬ್ಬಳ್ಳಿಯಲ್ಲಿ ಬಲ್ಲವರು ಹೇಳುತ್ತಿದ್ದರು.

ಗಾಳೆಪ್ಪ ಹುಬ್ಬಳ್ಳಿಗೆ ಹೊರಟದ್ದು ಆ ಪಂದ್ಯವಾದ ಮುಂದಿನ ಜನವರಿಯಲ್ಲಿ; ಸಕ್ರಪ್ಪ ಅದಕ್ಕೂ ಮೊದಲೇ ಹೋಗಿದ್ದ. ಮಧ್ಯಾಹ್ನದ ಗಾಡಿಗೆ ಮಹಬೂಬಸಾಬರು, ಅಲ್ಮಾಸಬಿ, ಉಡಚವ್ವ ಸ್ಟೇಷನ್‌ಗೆ ಬಂದಿದ್ದರು. ಕಾಲೇಜಿನ ಹುಡುಗರ ಜತೆ ನೀಲಪ್ಪನೂ ಬಂದು ಗೆಳೆಯನ ಟ್ರಂಕನ್ನು ಒಳಗೆ ಏರಿಸಿ ಕೊಟ್ಟ. ಉಡಚವ್ವ ರೈಲನ್ನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಮಗ ಕಿಟಕಿಯಿಂದ ಕೈ ಚಾಚಿದಾಗ ಅವಳು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಗಾಡಿ ಅಲುಗುವವರೆಗೂ ಬಿಡಲಿಲ್ಲ.

"ಹೊತ್ತಿಗೆ ಸರಿಯಾಗಿ ಉಣ್ಣು," ಎಂದಳು. "ಯಾರಾರ ಏನಾರ ಅಂದ್ರ ಮನಸಿಗೆ ಹಚಗೋಬ್ಯಾಡ."

ಗಾಡಿ ಹೋದ ಮೇಲೆ ಅವಳು ಸ್ವಲ್ಪ ಹೊತ್ತು ಕಂಬಿಯ ಕಡೆ ನೋಡುತ್ತ ನಿಂತಳು. ಸೆರಗಿನಿಂದ ಕಣ್ಣು ಒರೆಸಿಕೊಂಡು, ಹೊಂಬಳಕ್ಕೆ ಹೋಗುವ ಚಕ್ಕಡಿ ಪೇಟೆಯಲ್ಲಿ ಇನ್ನೂ ಇರಬಹುದೇ ಎಂದು ಕೇಳಿದಳು. ನಾಳೆ ಹತ್ತಿ ಬಿಡಿಸುವುದಿತ್ತು.

"ಇರತೈತಿ," ಎಂದರು ಅಲ್ಮಾಸಬಿ. "ಇದ್ದಿಲ್ಲಂದ್ರ ನಾಳೆ ಹೋದ್ರಾತು. ಮೊದ್ಲ ಮನಿಗೆ ನಡಿ, ಚಾ ಕುಡಿಯೂಣು."

ಇಬ್ಬರು ಹೆಂಗಸರೂ ಮುಂದೆ ನಡೆದರು. ಮಹಬೂಬಸಾಬರು ಹುಡುಗರನ್ನು ಕಾಲೇಜಿನ ಕಡೆ ಕಳಿಸಿ ನಿಧಾನವಾಗಿ ಅವರ ಹಿಂದೆ ಬಂದರು.